ಬಾರ್ಶಿಯ ಅರ್ಬುದ ಕೇಂದ್ರ

ಅರ್ಬುದ ರೋಗದ ಚಿಕಿತ್ಸೆಯ ಚರಿತ್ರೆಯೆಂದರೆ ಮಹಾನಗರಗಳ ಚರಿತ್ರೆಯೆಂದೇ ನಮ್ಮಲ್ಲಿ ಅನೇಕರ ಎಣಿಕೆ. 1941ರಲ್ಲಿ ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಹುಟ್ಟಿತು. ಆದರೆ ಅಂದೋಲಾ ಸೀಮೆಯವನಾದ ನನಗೆ ಇವೆರಡಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ಸೊಲ್ಲಾಪುರ ಜಿಲ್ಲೆಯ ಬಾರ್ಶಿ. ಆ ಕಡೆಯ ನೀರು ಸೀನಾ ನದಿಯಿಂದ ಭೀಮೆಗೆ ಕೂಡಿ ನಮ್ಮ ಜೇವರ್ಗಿಯ ಕಡೆಗೆ ಹರಿದುಬರುತ್ತದೆ. ಬಾರ್ಶಿಯ ನೆರೆಯ ಉಸ್ಮಾನಾಬಾದ್ ಜಿಲ್ಲೆ (ಈಗಿನ ಧಾರಾಶಿವ) 1956ರವರೆಗೆ ನಮ್ಮ ಕಲಬುರಗಿಯೊಡನೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅದೇ ಕಪ್ಪು ನೆಲ, ಅದೇ ಜೋಳದ ರೊಟ್ಟಿ, ಅದೇ ಬಡತನ.

1981ರಲ್ಲಿ ತೀರಿಕೊಂಡ ನಟಿ ನರ್ಗಿಸ್ ದತ್ತರ ಹೆಸರು ಹೊತ್ತ ಆಸ್ಪತ್ರೆಯೊಂದು ಬಾರ್ಶಿಯಲ್ಲಿದೆ. ಡಾ. ಬಿ. ಎಂ. ನೇನೆಯವರೂ ಅವರ ಸಂಗಡಿಗರೂ ಟಾಟಾ ಸ್ಮಾರಕದ ನೆರವು ಪಡೆದು ಅದನ್ನು ಬೆಳೆಸಿದರು. 1987ರಲ್ಲಿ ಇಲ್ಲಿ ದೇಶದ ಮೊತ್ತಮೊದಲ ಗ್ರಾಮೀಣ ಅರ್ಬುದ ನೋಂದಣಿ ಆರಂಭವಾಯಿತು. ಮುಂಬಯಿ, ಬೆಂಗಳೂರು, ಮದರಾಸುಗಳಲ್ಲಿ ಅಂಥ ಲೆಕ್ಕ ಅದಾಗಲೇ ನಡೆದಿತ್ತು. ಆದರೆ ನಗರದ ಲೆಕ್ಕಕ್ಕೆ ಆಸ್ಪತ್ರೆಯ ದಾಖಲೆಗಳೇ ಮುಖ್ಯ ಆಧಾರ. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಸಾಯುವವರನ್ನು ಯಾವ ಪುಸ್ತಕದಲ್ಲಿ ಬರೆಯುವುದು?

ಬಾರ್ಶಿಯವರು ಕಂಡುಕೊಂಡ ಉಪಾಯ ಸರಳವಾದುದು: ರೋಗಿಗಾಗಿ ಕಾಯದೆ ತಾವೇ ಹಳ್ಳಿಗೆ ಹೋಗುವುದು. ಕಾರ್ಯಕರ್ತರು ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ, ರೋಗದ ಮುನ್ಸೂಚನೆಗಳನ್ನು ತಿಳಿಹೇಳಿ, ಸಂಶಯವಿದ್ದವರನ್ನು ಆಸ್ಪತ್ರೆಗೆ ಕರೆತಂದರು. ಮುಟ್ಟು ನಿಂತ ಮೇಲೆ ರಕ್ತ ಕಂಡರೂ ನಾಚಿಕೆಯಿಂದ ಬಾಯಿ ಬಿಡದ ಹೆಂಗಸರು ಮಾತಾಡತೊಡಗಿದರು. ಕೆಲವೇ ವರ್ಷಗಳಲ್ಲಿ, ಗರ್ಭಕಂಠದ ಅರ್ಬುದ ಇನ್ನೂ ಎಳೆಯ ಹಂತದಲ್ಲಿರುವಾಗಲೇ ಬರುವವರ ಪಾಲು ಹೆಚ್ಚಿತು. ಲೆಕ್ಕ ಬರೆಯಲು ಹೋದವರೇ ಜೀವ ಉಳಿಸುವವರೂ ಆದರು.

ಈ ಅಡಿಪಾಯದ ಮೇಲೆಯೇ ಮುಂದಿನ ದೊಡ್ಡ ಸಂಶೋಧನೆ ನಿಂತಿತು. 1999ರಲ್ಲಿ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ 1,31,746 ಹೆಂಗಸರನ್ನು, ಹಳ್ಳಿಗಳ 52 ಗುಚ್ಛಗಳ ಮೂಲಕ, ನಾಲ್ಕು ಗುಂಪಾಗಿ ವಿಂಗಡಿಸುವ ಕೆಲಸ ಮೊದಲಾಯಿತು. ಮೂರು ಗುಂಪಿಗೆ ಒಂದೊಂದು ಬಗೆಯ ಪರೀಕ್ಷೆ, ಒಂದೇ ಒಂದು ಸಲ. 2009ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಗರ್ಭಕಂಠದ ಅರ್ಬುದಕ್ಕೆ ಕಾರಣವಾದ ಎಚ್‌ಪಿವಿ ವೈರಾಣುವಿನ ಪರೀಕ್ಷೆ ಗೊತ್ತುಮಾಡಿದ್ದ 34,126 ಮಂದಿಯ ಗುಂಪಿನಲ್ಲಿ 34 ಹೆಂಗಸರು ಆ ರೋಗದಿಂದ ತೀರಿಕೊಂಡರು, ಪರೀಕ್ಷೆಯಿಲ್ಲದ 31,488 ಮಂದಿಯಲ್ಲಿ 64. ಉಳಿದೆರಡು ಪರೀಕ್ಷೆಗಳಿಂದ ಇಷ್ಟು ಸ್ಪಷ್ಟವಾದ ಲಾಭ ಕಾಣಲಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಪರೀಕ್ಷೆಗೇ ಅಗ್ರಸ್ಥಾನ ಕೊಟ್ಟಿತು.

ಆ ನಾಲ್ಕನೆಯ ಗುಂಪಿನ ಮಾತನ್ನು ಮರೆಯುವಂತಿಲ್ಲ. ಅವರಿಗೆ ದೊರೆತದ್ದು ತಿಳುವಳಿಕೆಯ ಮಾತು ಮಾತ್ರ. ಪರೀಕ್ಷೆ ಮಾಡದೆ ಬಿಟ್ಟದ್ದು ನ್ಯಾಯವೇ ಎಂಬ ಆಕ್ಷೇಪಣೆ ಬಲವಾಗಿಯೇ ಎದ್ದಿತು. ಹೋಲಿಕೆಯಿಲ್ಲದೆ ಸತ್ಯ ತಿಳಿಯದು ಎಂಬುದು ವಿಜ್ಞಾನದ ವಾದ. ಹಾಗೆಂದು 64 ಎಂಬುದು ಬರಿಯ ಅಂಕಿಯಲ್ಲ. ಅವರೆಲ್ಲ ಒಂದೊಂದು ಮನೆಯ ಒಲೆ ಹೊತ್ತಿಸುತ್ತಿದ್ದ ಕೈಗಳು. ಈ ತಿಳಿವಿಗಾಗಿ ಅವರು ತೆತ್ತ ಬೆಲೆ ಲೋಕದ ಮೇಲಿನ ಋಣವೆಂದೇ ನನ್ನ ಭಾವನೆ.

ಋಣ ತೀರುವುದು ಆ ತಿಳಿವನ್ನು ಬಳಸಿದಾಗ. ಕಲಬುರಗಿಯಲ್ಲಿ ಇಂದು ಕಿದ್ವಾಯಿ ಸಂಸ್ಥೆಯ ಶಾಖೆಯಿದೆ. ಚಿಕಿತ್ಸೆಗಾಗಿ ಬೆಂಗಳೂರಿನವರೆಗೆ ಹೋಗಬೇಕಾದ ಕಷ್ಟ ಎಷ್ಟೋ ಕಡಿಮೆಯಾಗಿದೆ. ಆದರೆ ಯಂತ್ರ ಎಷ್ಟೇ ಸಮೀಪ ಬಂದರೂ, ರೋಗ ಬಲಿತ ಮೇಲೆ ಅದರ ಮುಂದೆ ಮಲಗಿದವಳಿಗೆ ಹೆಚ್ಚಿನ ಪ್ರಯೋಜನವಿಲ್ಲ. ಅಂದೋಲಾದ ಹೆಂಗಸು ಆಸ್ಪತ್ರೆಗೆ ಬರಲಿ ಎಂದು ಕಾಯುವುದಕ್ಕಿಂತ, ಆಕೆ ಆರೋಗ್ಯವಾಗಿರುವಾಗಲೇ ಆಕೆಯ ಹೊಸ್ತಿಲಿಗೆ ಹೋಗಿ ಕೇಳಬೇಕು. ಬಾರ್ಶಿ ಆ ಕೆಲಸವನ್ನು 1987ರಲ್ಲೇ ಮಾಡಿತೋರಿಸಿತು.