ಲೆಕ್ಕಿಗನ ಧರ್ಮಸಂಕಟ

ಬೆಂಗಳೂರಿನ ಪಶ್ಚಿಮದಲ್ಲಿ ವಿಜಯನಗರವೆಂಬ ವಿಸ್ತಾರವಾದ ಬಡಾವಣೆಯ ನಡುವೆ ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ ಎಂಬ ಗ್ರಾಮನಾಮಗಳು ಇಂದಿಗೂ ಅಳಿಯದೆ ನಿಂತಿವೆ. ಹೊಲ ತೋಟಗಳಿದ್ದ ಈ ನೆಲ ನಿವೇಶನಗಳಾಗಿ, ನಿವೇಶನಗಳು ಮಹಡಿಮನೆಗಳಾಗಿ ಮಾರ್ಪಟ್ಟ ಕಾಲದಲ್ಲಿ ಹುಟ್ಟಿದ ಮಕ್ಕಳು ಈಗ ಗಣಕವಿದ್ಯೆಯಲ್ಲಿ ಪರಿಣತರಾಗಿ, ಬೆಳಗಾಗುತ್ತಲೇ ಮೆಟ್ರೋ ಏರಿ, 2023ರ ಅಕ್ಟೋಬರ್‌ನಲ್ಲಿ ಪೂರ್ಣಗೊಂಡ ನೇರಳೆ ಮಾರ್ಗದಲ್ಲಿ ನಗರದ ಮತ್ತೊಂದು ತುದಿಯಾದ ವೈಟ್‌ಫೀಲ್ಡಿನವರೆಗೂ ಉದ್ಯೋಗಾರ್ಥವಾಗಿ ಸಾಗುತ್ತಾರೆ. ಪರರ ಹೆಸರು, ವಿಳಾಸ, ಆಸ್ತಿ, ಸಾಲ, ಆರೋಗ್ಯ ಇವುಗಳ ವಿವರಗಳನ್ನು ಕೂಡಿಸಿಡುವುದೂ ಹುಡುಕಿಕೊಡುವುದೂ ಅವರಲ್ಲಿ ಅನೇಕರ ಕಾಯಕ. ಅರಿಯದ ಸಹಸ್ರಾರು ಜನರ ಬಾಳು ತನ್ನ ಬೆರಳ ತುದಿಯಲ್ಲಿರುವಾಗ ತಾನು ಯಾರಿಗೆ ಋಣಿ, ಸಂಬಳ ಕೊಡುವವನಿಗೋ, ಬರಹದಲ್ಲಿ ಹೆಸರಿರುವವನಿಗೋ ಎಂಬ ಪ್ರಶ್ನೆ ಅವರನ್ನು ಕಾಡುವುದಾದರೆ, ಅದು ಯಂತ್ರದೊಡನೆ ಹುಟ್ಟಿದ ಪ್ರಶ್ನೆಯಲ್ಲವೆಂಬುದನ್ನು ಈ ನೆಲದ ಚರಿತ್ರೆಯೇ ಹೇಳುತ್ತದೆ.

ಹಳೆಯ ಮೈಸೂರು ಸೀಮೆಯಲ್ಲಿ ಗ್ರಾಮದ ಭೂಮಿಯ ಲೆಕ್ಕವು ಶಾನುಭೋಗನ ವಶದಲ್ಲಿರುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಮಾಡಿದ ಕಪ್ಪು ಕಡತದ ಮೇಲೆ ಬಳಪದಿಂದ ಅವನು ಬರೆದುದೇ ಪ್ರಮಾಣ. ಬರೆದದ್ದು ಬಹುಕಾಲ ಉಳಿಯುತ್ತಿತ್ತು. ಆದರೆ ಒರೆಸಿ ಮತ್ತೆ ಬರೆಯುವುದಕ್ಕೂ ಕಡತದಲ್ಲಿ ಅವಕಾಶವಿತ್ತು. ಓದುಬರಹ ತಿಳಿಯದ ರೈತನಿಗೆ ತನ್ನ ಹೊಲದ ಎಲ್ಲೆ ಕಣ್ಣಿಗೆ ಕಾಣುತ್ತಿದ್ದರೂ ಕಡತದೊಳಗಿನ ಎಲ್ಲೆ ಕಾಣುತ್ತಿರಲಿಲ್ಲ. ಪಟೇಲನ ಒತ್ತಡ, ಅಮಲ್ದಾರನ ಅಪ್ಪಣೆ, ಬಂಧುಗಳ ದಾಕ್ಷಿಣ್ಯ, ಬಡ ಒಕ್ಕಲಿನ ಮೊರೆ, ಇವೆಲ್ಲದರ ನಡುವೆ ಬಳಪ ಹಿಡಿದು ಕುಳಿತ ಮನುಷ್ಯನ ಅಂತಃಕರಣವೊಂದೇ ಆ ರೈತನ ರಕ್ಷೆ. ನ್ಯಾಯವಂತರಾದ ಶಾನುಭೋಗರು ಇದ್ದರು, ಊರಿಗೆ ಊರೇ ಅವರನ್ನು ನಂಬಿತ್ತು. ಅಲ್ಲದವರೂ ಇದ್ದರು, ಅವರ ಕಾಟಕ್ಕೆ ಊರು ಅಂಜಿತ್ತು. ವಂಶಪಾರಂಪರ್ಯವಾಗಿ ಬಂದ ಈ ಅಧಿಕಾರವನ್ನು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯು 1963ರಿಂದ ಕೊನೆಗಾಣಿಸಿತು, ಆ ಸ್ಥಾನಕ್ಕೆ ಸರ್ಕಾರಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಕಡತ ಹೋಗಿ ಪಹಣಿಯ ಪುಸ್ತಕ ಬಂದರೂ, ಒಬ್ಬನ ಕೈಯ ಬರಹಕ್ಕೆ ಊರೆಲ್ಲ ಕಾಯುವ ಸ್ಥಿತಿ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಇಂತಹ ಪರಂಪರೆಗೆ ಕರ್ನಾಟಕವು ಕೊಟ್ಟ ಉತ್ತರವೇ ‘ಭೂಮಿ’. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ರಚಿಸಿದ ತಂತ್ರಾಂಶದ ನೆರವಿನಿಂದ, ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಗಣಕಕ್ಕೆ ಏರಿದವು, ತಾಲ್ಲೂಕು ಕಚೇರಿಗಳಲ್ಲಿ ಕೇಂದ್ರಗಳು ತೆರೆದವು, 15 ರೂಪಾಯಿ ಕೊಟ್ಟ ಯಾರಿಗಾದರೂ ಮುದ್ರಿತ ಪಹಣಿ ದೊರೆಯುವಂತಾಯಿತು, 2002ರ ಹೊತ್ತಿಗೆ ಕೈಬರಹದ ಪಹಣಿಯ ಮಾನ್ಯತೆಯೂ ಹೋಯಿತು. ಈ ವ್ಯವಸ್ಥೆಯನ್ನು ಕಟ್ಟಿದವರು ಕೇವಲ ವೇಗವನ್ನು ಬಯಸಿದವರಲ್ಲ. ಶಾನುಭೋಗನ ಅಂತಃಕರಣಕ್ಕೆ ಬಿಟ್ಟಿದ್ದ ಧರ್ಮವನ್ನು ಯಂತ್ರದ ನಿಯಮದೊಳಗೆ ಕಟ್ಟಿಹಾಕಲು ಹೊರಟವರು. ಕೆಲಸಗಾರ ಗಣಕವನ್ನು ತೆರೆಯಬೇಕಾದರೆ ಬೆರಳಚ್ಚು ಕೊಡಬೇಕು, ತಾನು ಮಾಡಿದ್ದನ್ನು ಮುಂದೆ ಮಾಡಲಿಲ್ಲವೆನ್ನಲು ಎಡೆಯಿರದಂತೆ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಇತ್ಯರ್ಥವಾಗಬೇಕು, ದಾಕ್ಷಿಣ್ಯಕ್ಕೆ ಸರದಿ ಮುರಿಯಬಾರದು. ಎಲ್ಲಕ್ಕಿಂತ ನನ್ನ ಮನಸ್ಸನ್ನು ತಟ್ಟಿದ್ದು, ಎದುರು ನಿಂತ ರೈತನಿಗೂ ಕಾಣುವಂತೆ ಅವನ ಕಡೆಗೆ ಮುಖಮಾಡಿ ಇಟ್ಟ ಎರಡನೆಯ ಪರದೆ. ತಲೆತಲಾಂತರದಿಂದ ಕಡತದ ಹಿಂಬದಿಯನ್ನಷ್ಟೇ ನೋಡುತ್ತಿದ್ದವನಿಗೆ ತನ್ನ ಹೆಸರು ಬರೆಯಲ್ಪಡುವುದನ್ನು ನೋಡುವ ಹಕ್ಕು ಹೀಗೆ ದೊರೆಯಿತು. ಆ ಪರದೆಯನ್ನು ಅಲ್ಲಿಡಬೇಕೆಂದು ಯೋಚಿಸಿದವರು ತಂತ್ರಜ್ಞರಾಗಿದ್ದಷ್ಟೇ ಧರ್ಮಜ್ಞರೂ ಆಗಿದ್ದರೆಂದು ನಾನು ನಂಬುತ್ತೇನೆ.

ಆದರೂ ಸಂಕಟ ತೀರಲಿಲ್ಲ, ಸ್ಥಳ ಬದಲಿಸಿತು. ಹಳೆಯ ಪುಸ್ತಕದ ತಪ್ಪು ಗಣಕಕ್ಕೂ ಏರಿದ ಕಡೆಗಳಲ್ಲಿ, ಅಚ್ಚಾಗಿ ಹೊರಬಂದ ಮೇಲೆ ಆ ತಪ್ಪಿಗೇ ಸತ್ಯದ ಗಾಂಭೀರ್ಯ ಪ್ರಾಪ್ತವಾಯಿತು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು, ಹಳ್ಳಿಯ ಕೈಯಲ್ಲಿದ್ದ ದಾಖಲೆ ಒಂದೆಡೆ ಕೇಂದ್ರೀಕೃತವಾದುದರಿಂದ ಬೆಂಗಳೂರಿನ ಸುತ್ತಣ ಭೂಮಿಯನ್ನು ಕೊಳ್ಳಹೊರಟ ಬಲಾಢ್ಯರಿಗೇ ಹೆಚ್ಚು ಅನುಕೂಲವಾಯಿತೆಂದೂ, ಲಂಚ ತಗ್ಗುವ ಬದಲು ಏರಿತೆಂದೂ ವಾದಿಸಿತು. ಈ ವಾದವನ್ನು ಪೂರ್ತಿಯಾಗಿ ಒಪ್ಪುವುದು ನನಗೆ ಕಷ್ಟ, ಏಕೆಂದರೆ 15 ರೂಪಾಯಿಯ ಆ ಹಾಳೆ ಬಡವನ ಕೈಗೆ ಕೊಟ್ಟ ಧೈರ್ಯ ಸಣ್ಣದಲ್ಲ. ಆದರೆ ಸದುದ್ದೇಶದಿಂದ ಮಾಡಿದ ಉಪಕರಣವು ಉದ್ದೇಶಿಸದವರಿಗೆ ಆಯುಧವಾಗಬಲ್ಲುದೆಂಬ ಅದರ ಎಚ್ಚರಿಕೆಯನ್ನು ತಂತ್ರಾಂಶ ಬರೆಯುವ ಯಾವನೂ ತಳ್ಳಿಹಾಕುವಂತಿಲ್ಲ. ಶಾನುಭೋಗ ತಪ್ಪಿದರೆ ಅವನ ಮನೆಯ ಜಗಲಿಯ ಮುಂದೆ ನಿಂತು ಕೇಳಬಹುದಿತ್ತು. ತಂತ್ರಾಂಶ ತಪ್ಪಿದರೆ, ಅದನ್ನು ಬರೆದವನು ಯಾರೆಂಬುದೇ ನೊಂದವನಿಗೆ ತಿಳಿಯದು. ತನ್ನ ಬರಹದಿಂದ ಯಾರು ನೊಂದರೆಂಬುದು ಬರೆದವನಿಗೂ ತಿಳಿಯದು.

ಅಮೆರಿಕದ ಗಣಕವಿದ್ವಾಂಸರ ಸಂಘವಾದ ಎ.ಸಿ.ಎಂ. ತನ್ನ ವೃತ್ತಿಸಂಹಿತೆಯನ್ನು 1992ರಲ್ಲಿಯೂ 2018ರಲ್ಲಿಯೂ ಹೊಸದಾಗಿ ರೂಪಿಸಿ, ಸಾರ್ವಜನಿಕರ ಹಿತವೇ ಮೊದಲ ಪರಿಗಣನೆಯೆಂದು ಸಾರಿದೆ. ನಮ್ಮಲ್ಲಿ ಆ ಹಿತದ ಒಂದು ಭಾಗವಾದ ಖಾಸಗಿತನಕ್ಕೆ ಸಂವಿಧಾನದ ಬಲ ಬಂದದ್ದು ಬೆಂಗಳೂರಿನ ಹಿರಿಯರೊಬ್ಬರಿಂದ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು.

ಹಳ್ಳಿಯ ಹೊಲಗಳ ದಾಖಲೆ ಗಣಕಕ್ಕೆ ಏರಿದಂತೆ, ಈಗ ಮಾರೇನಹಳ್ಳಿಯ ಮನೆಗಳೂ ಅದೇ ಹಾದಿಯಲ್ಲಿವೆ. 2024ರಲ್ಲಿ ಮಹಾನಗರ ಪಾಲಿಕೆಯು ಇ-ಖಾತೆಯನ್ನು ಜಾರಿಗೆ ತಂದು, 20 ಲಕ್ಷಕ್ಕೂ ಮೀರಿದ ಆಸ್ತಿಗಳ ಕರಡು ಖಾತೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿ, ಮಾಲೀಕರು ಆಧಾರ್ ಮೂಲಕ ತಮ್ಮನ್ನು ದೃಢಪಡಿಸಿಕೊಳ್ಳುವಂತೆ ಮಾಡಿತು. ತಾತನ ಕಾಲದ ಕ್ರಯಪತ್ರದಲ್ಲಿ ಒಂದು ರೀತಿ, ತೆರಿಗೆಯ ರಸೀತಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಮತ್ತೊಂದು ರೀತಿ ಹೆಸರು ಬರೆಯಿಸಿಕೊಂಡ ಮನೆತನಗಳು ಹಳೆಯ ಹಳ್ಳಿಗಳಲ್ಲಿ ಎಷ್ಟೋ ಇವೆ. ಹೆಸರು ಹೊಂದದಿದ್ದಾಗ ಗಣಕವು ಅರ್ಜಿಯನ್ನು ತಿರಸ್ಕರಿಸಬೇಕೋ, ಕಾರಣ ಹೇಳಿ ಒಬ್ಬ ಮನುಷ್ಯನ ಪರಿಶೀಲನೆಗೆ ಕಳುಹಿಸಬೇಕೋ ಎಂಬುದು ಯಾವ ಶಾಸನದಲ್ಲಿಯೂ ಅಕ್ಷರಶಃ ಬರೆದಿರುವುದಿಲ್ಲ. ಗಡುವಿನ ಒತ್ತಡದಲ್ಲಿ ಕುಳಿತ ತಂತ್ರಜ್ಞನೊಬ್ಬನು ಅದನ್ನು ಒಂದು ಮಧ್ಯಾಹ್ನದಲ್ಲಿ ನಿರ್ಧರಿಸಿಬಿಡಬಹುದು. ವಿಧವೆಯೊಬ್ಬಳು ತನ್ನ ಮನೆಯನ್ನು ಮಗಳ ಹೆಸರಿಗೆ ಬರೆಯಬಲ್ಲಳೋ ಇಲ್ಲವೋ ಎಂಬುದು ಅವನು ಆ ಮಧ್ಯಾಹ್ನ ಬರೆದ ಸಾಲನ್ನೇ ಅವಲಂಬಿಸಿರುತ್ತದೆ.