ಸುನ್ನತಿಯ ಕತ್ತರಿ ನರ್ಸುಗಳ ಕೈಗೆ ಬಂದಾಗ

ಸುನ್ನತಿ ಎಂದರೆ ನಮಗೆ ಮೊದಲು ನೆನಪಾಗುವುದು ಧರ್ಮ. ಕೀನ್ಯಾದಲ್ಲಿ ನೆನಪಾಗುವುದು ಬುಡಕಟ್ಟು. ಅಲ್ಲಿನ ಹೆಚ್ಚಿನ ಸಮುದಾಯಗಳಲ್ಲಿ ಹುಡುಗ ಗಂಡಸಾಗುವುದೇ ಸುನ್ನತಿಯಿಂದ. ವಿಕ್ಟೋರಿಯಾ ಸರೋವರದ ದಂಡೆಯ ಲುವೋ ಜನರಲ್ಲಿ ಆ ರೂಢಿಯಿರಲಿಲ್ಲ. ಹಿಂದೆ ಕೆಳದವಡೆಯ ಆರು ಹಲ್ಲು ಕೀಳಿಸಿಕೊಳ್ಳುವುದು ಅವರಲ್ಲಿ ಪ್ರಾಯಕ್ಕೆ ಬಂದ ಗುರುತಾಗಿತ್ತು.

2007ರ ಡಿಸೆಂಬರ್ ಚುನಾವಣೆಯ ನಂತರದ ಗಲಭೆಯಲ್ಲಿ ಈ ಭೇದವೇ ಆಯುಧವಾಯಿತು. ನೈವಾಶಾದಂಥ ಊರುಗಳಲ್ಲಿ ಲುವೋ ಗಂಡಸರನ್ನು ಹಿಡಿದು ಬಲವಂತವಾಗಿ ಸುನ್ನತಿ ಮಾಡಲಾಯಿತು. ಅದಾಗಿ ವರ್ಷ ತುಂಬುವ ಮೊದಲೇ, 2008ರ ನವೆಂಬರಿನಲ್ಲಿ, ಲುವೋ ಜನರು ಹೆಚ್ಚಾಗಿರುವ ನ್ಯಾನ್ಜಾ ಪ್ರಾಂತ್ಯದಲ್ಲಿ ಸರ್ಕಾರ ಸ್ವಯಂಪ್ರೇರಿತ ಸುನ್ನತಿ ಕಾರ್ಯಕ್ರಮ ಆರಂಭಿಸಿತು. ಸಂಶೋಧಕನಾಗಿ ನನ್ನನ್ನು ಈ ಇತಿಹಾಸದತ್ತ ಎಳೆದದ್ದು ಈ ಎರಡು ಘಟನೆಗಳ ನಡುವಿನ ಕೆಲವೇ ತಿಂಗಳುಗಳು.

ಕಾರ್ಯಕ್ರಮದ ಕಾರಣ ವೈದ್ಯಕೀಯವಾದದ್ದು. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೀನ್ಯಾದ ಕಿಸುಮು, ಉಗಾಂಡಾದ ರಕಾಯಿ, ಈ ಮೂರು ಕಡೆ ನಡೆದ ಪ್ರಯೋಗಗಳು ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ತಗಲುವ ಸಾಧ್ಯತೆಯನ್ನು ಸುನ್ನತಿ ಶೇ. 50ರಿಂದ 60ರಷ್ಟು ತಗ್ಗಿಸುತ್ತದೆ ಎಂದು ತೋರಿಸಿದ್ದವು. 2007ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು.

ಶಿಫಾರಸು ಬಂತು, ಮಾಡುವವರು ಯಾರು? ಹಳ್ಳಿಗಳಲ್ಲಿ ವೈದ್ಯರು ವಿರಳ. ಆರೋಗ್ಯ ಕೇಂದ್ರಗಳನ್ನು ನಡೆಸುತ್ತಿದ್ದವರು ಕ್ಲಿನಿಕಲ್ ಆಫೀಸರುಗಳು ಮತ್ತು ನರ್ಸುಗಳು. 2009ರಲ್ಲಿ ತರಬೇತಿ ಪಡೆದ ನರ್ಸುಗಳಿಗೂ ಈ ಶಸ್ತ್ರಚಿಕಿತ್ಸೆ ಮಾಡಲು ಅನುಮತಿ ಸಿಕ್ಕಿತು. ಅದೇ ವರ್ಷದ ಕೊನೆಯಲ್ಲಿ ನಡೆದ ಅಭಿಯಾನದಲ್ಲಿ 30 ಕೆಲಸದ ದಿನಗಳಲ್ಲಿ 36,000ಕ್ಕೂ ಹೆಚ್ಚು ಮಂದಿ ಸುನ್ನತಿ ಮಾಡಿಸಿಕೊಂಡರು.

ಇಂಥ ಕಾರ್ಯಕ್ರಮಗಳಲ್ಲಿ ‘ಸಿದ್ಧತೆ’ಯನ್ನು ಎಣಿಸುವುದು ಸುಲಭ: ತರಬೇತಾದವರೆಷ್ಟು, ಕಿಟ್‌ಗಳೆಷ್ಟು, ಅರಿವಳಿಕೆ ಮದ್ದು ಇದೆಯೇ, ಉಪಕರಣಗಳನ್ನು ಕ್ರಿಮಿಮುಕ್ತಗೊಳಿಸುವ ವ್ಯವಸ್ಥೆ ಇದೆಯೇ. ಇವೆಲ್ಲ ಬೇಕು. ಆದರೆ ಅರ್ಧ ಗಂಟೆಯ ಶಸ್ತ್ರಚಿಕಿತ್ಸೆಯ ಆಚೀಚೆ ನರ್ಸ್ ಮಾಡಬೇಕಾದ ಕೆಲಸ ಮಾತಿನದು. ಇದು ಪೂರ್ತಿ ರಕ್ಷಣೆಯಲ್ಲ, ಕಾಂಡೋಮ್ ಬಿಡುವಂತಿಲ್ಲ. ಗಾಯ ಮಾಯಲು ಆರು ವಾರ ಬೇಕು, ಅಲ್ಲಿಯವರೆಗೆ ಹೆಂಡತಿಯಿಂದ ದೂರವಿರಬೇಕು. ಎರಡು ದಿನ ಬಿಟ್ಟು ತೋರಿಸಲು ಬರಬೇಕು. ಎಚ್‌ಐವಿ ಪರೀಕ್ಷೆ ಬೇಡವೆನ್ನುವ ಹಕ್ಕೂ ಅವನಿಗಿದೆ. ಹೆರಿಗೆ, ಲಸಿಕೆಗಳ ನಡುವೆ ಇದನ್ನೆಲ್ಲ ತಾಳ್ಮೆಯಿಂದ ಹೇಳಲು ಹಳ್ಳಿಯ ನರ್ಸಿಗೆ ಬಿಡುವೆಲ್ಲಿ?

ಬಲವಂತದ ನೆನಪು ಹಸಿಯಾಗಿದ್ದ ಜನರ ನಡುವೆ ‘ಸ್ವಯಂಪ್ರೇರಿತ’ ಎಂಬ ಪದಕ್ಕೆ ಅರ್ಥ ಬರುವುದು ಆ ಮಾತಿನಲ್ಲೇ. ಗುರಿಯ ಸಂಖ್ಯೆ ಮುಟ್ಟಲು ಇನ್ನೊಬ್ಬ ಬೇಕಿದ್ದರೂ, ಒಪ್ಪಿಗೆಯಿಲ್ಲದವನಿಗೆ ‘ಇವತ್ತು ಬೇಡ, ಯೋಚಿಸಿ ಬನ್ನಿ’ ಎಂದು ಹೇಳಿ ಕಳಿಸಬಲ್ಲ ನರ್ಸೇ ನಿಜವಾಗಿ ಸಿದ್ಧಳಾದವಳು. ಅಂಥವನ ಲೆಕ್ಕ ಆ 36,000ದೊಳಗೆ ಬರುವುದಿಲ್ಲ.