ಗೋಕಾಕದ ಹಣ್ಣು, ಸೆಜಾನನ ಸೇಬು

ಘಟಪ್ರಭೆಯ ತೀರದ ಗೋಕಾಕದಲ್ಲಿ ಹಗುರವಾದ ಮರವನ್ನು ಕೆತ್ತಿ, ಬಣ್ಣವಿಟ್ಟು ಹಣ್ಣುಕಾಯಿಗಳನ್ನು ಮಾಡುವರು. ನಿಜವೆಂದು ನಂಬಿ ನಾವೇ ಕೈಚಾಚಿದುದುಂಟು. ಕಣ್ಣನ್ನು ನಂಬಿಸುವ ಈ ವಿದ್ಯೆಯಲ್ಲಿಯೇ ಯೂರೋಪಿನ ಚಿತ್ರಕಾರರೂ ಸುಮಾರು 400 ವರ್ಷ ದುಡಿದರು. 1839ರಲ್ಲಿ ಛಾಯಾಚಿತ್ರಯಂತ್ರವು ಬಂದು ಆ ಕೆಲಸವನ್ನು ಸುಲಭಗೊಳಿಸಿತು. 1874ರಲ್ಲಿ ಕ್ಲೋಡ್ ಮೊನೆಯೂ ಆತನ ಗೆಳೆಯರೂ ವಸ್ತುವಿಗಿಂತ ಅದರ ಮೇಲಾಡುವ ಬೆಳಕನ್ನೇ ಬರೆದು ಪ್ಯಾರಿಸಿನಲ್ಲಿ ತೋರಿಸಿದಾಗ ಜನ ನಕ್ಕರು. ಹಾಸ್ಯಕ್ಕಿಟ್ಟ 'ಇಂಪ್ರೆಷನಿಸ್ಟ್' ಎಂಬ ಹೆಸರೇ ನಿಂತಿತು. ಆ ಪ್ರದರ್ಶನದಲ್ಲಿದ್ದ ಸೆಜಾನನು ಮುಂದೆ ಬರೆದ ಸೇಬುಗಳು ಬಾಯಲ್ಲಿ ನೀರೂರಿಸವು. ಅವುಗಳ ಗುಂಡು, ಭಾರ, ಮೇಜಿನ ಮೇಲೆ ಕುಳಿತ ಬಗೆ, ಇವೇ ಮನಸ್ಸಿನಲ್ಲಿ ನಿಲ್ಲುವುವು. ಮೇಜೂ ಓರೆಯೇ! ಆತನಿಂದ ಕಲಿತು ಪಿಕಾಸೋ, ಬ್ರಾಕ್ ಇಬ್ಬರೂ ಕ್ಯೂಬಿಸಂ ಪಂಥವನ್ನು ಕಟ್ಟಿ, ವಸ್ತುವಿನ ಹಲವು ಮಗ್ಗುಲುಗಳನ್ನು ಒಂದೇ ಪಟದಲ್ಲಿ ಕಾಣಿಸಿದರು. ಗೋಕಾಕದ ಹಣ್ಣನ್ನು ಕೊಳ್ಳುವ ಮುನ್ನ ನಾವು ಕೈಯಲ್ಲಿ ತಿರುವಿ ನೋಡುವುದೂ ಹೀಗೆಯೇ.